ಗಂಡಸರ ಆಪರೇಷನ್: ಇನ್ನೂರು ವರ್ಷದ ಹಾದಿ

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನ ರೈತನಿಗೆ ಬೀಜ ಒಡೆಸುವುದು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೋರಿಗೆ ಎರಡು ಮೂರು ವರ್ಷವಾಗಿ ಡುಬ್ಬ ಬಲಿತ ಮೇಲೆ, ನೊಗಕ್ಕೆ ಹೂಡುವ ಮೊದಲು ಆಗಬೇಕಾದ ಕೆಲಸ ಅದು. ಒಡೆಸದ ಹೋರಿ ಸಾಲು ಹಿಡಿದು ನಡೆಯುವುದಿಲ್ಲ, ಜೋಡಿಗೆ ಹೊಂದುವುದಿಲ್ಲ, ಆಕಳು ಕಂಡರೆ ಹಗ್ಗ ಹರಿಯುತ್ತದೆ. ಇದೇ ರೈತನ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಗಂಡಸರ ಆಪರೇಷನ್ ಮಾತು ತೆಗೆದರೆ ಬರುವ ಉತ್ತರ ಧಾರವಾಡ ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಹೆಚ್ಚುಕಡಿಮೆ ಒಂದೇ: "ನಮ್ಮನ್ನೇನ ಎತ್ತ ಮಾಡಾವ್ರ ಏನ್ರೀ?"

ಈ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಕೇಳುವವನು ತಾನು ಕಣ್ಣಾರೆ ಕಂಡದ್ದರಿಂದಲೇ ಕೇಳುತ್ತಿದ್ದಾನೆ. ಅವನು ಕಂಡದ್ದು ಬೇರೆ ಆಪರೇಷನ್, ಅವನಿಗೆ ಮಾಡಹೊರಟಿರುವುದು ಬೇರೆ ಎಂಬುದನ್ನು ನಮ್ಮ ಆರೋಗ್ಯ ವ್ಯವಸ್ಥೆ ಎಪ್ಪತ್ತು ವರ್ಷದಲ್ಲಿ ಸರಿಯಾಗಿ ಬಿಡಿಸಿ ಹೇಳಲಿಲ್ಲ. ಅದರ ಬೆಲೆಯನ್ನು ಹೆಣ್ಣುಮಕ್ಕಳು ತಮ್ಮ ಹೊಟ್ಟೆಯ ಮೇಲಿನ ಗಾಯದಲ್ಲಿ ತೆತ್ತಿದ್ದಾರೆ.

ಮೊದಲು ಎತ್ತಿನದನ್ನೇ ನೋಡೋಣ. ಹಿಂದೆ ಕಟ್ಟಿಗೆಯ ನಡುವೆ ತರಡು ಸಿಕ್ಕಿಸಿ ಬಡಿಯುತ್ತಿದ್ದರು. ನೋವು, ಬಾವು, ಕೆಲವೊಮ್ಮೆ ನಂಜಾಗಿ ಹೋರಿಯೇ ಹೋಗುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಟಲಿಯ ಪಶುವೈದ್ಯ ನೆಪೋಲಿಯೋನೆ ಬರ್ಡಿಝೋ ತಯಾರಿಸಿದ ದೊಡ್ಡ ಇಕ್ಕಳ ಬಂದ ಮೇಲೆ ಪಶು ಆಸ್ಪತ್ರೆಯ ಪದ್ಧತಿ ಬದಲಾಯಿತು. ಹೋರಿಯನ್ನು ಹಗ್ಗ ಹಾಕಿ ಕೆಡವುತ್ತಾರೆ. ಡಾಕ್ಟರು ಚೀಲದ ಮೇಲ್ಭಾಗದಲ್ಲಿ ಬೆರಳಾಡಿಸಿ ಬೀಜಕ್ಕೆ ಹೋಗುವ ಹುರಿಯನ್ನು ಒಂದು ಬದಿಗೆ ಸರಿಸಿ ಹಿಡಿದು, ಅದರ ಮೇಲೆ ಇಕ್ಕಳದ ಬಾಯಿ ಒತ್ತುತ್ತಾರೆ. ಒಳಗೆ ಹುರಿ ಅರೆದುಹೋಗುತ್ತದೆ, ಮೇಲಿನ ಚರ್ಮ ಹರಿಯುವುದಿಲ್ಲ. ಇನ್ನೊಂದು ಬದಿಯನ್ನು ಅದೇ ಸಾಲಿನಲ್ಲಿ ಒತ್ತದೆ ಸ್ವಲ್ಪ ಮೇಲೆ ಕೆಳಗೆ ಮಾಡಿ ಒತ್ತುತ್ತಾರೆ. ಇಲ್ಲವಾದರೆ ಇಡೀ ಚೀಲಕ್ಕೇ ರಕ್ತ ನಿಂತು ಕೊಳೆಯಬಹುದು. ಕೊನೆಗೆ ಅಯೋಡಿನ್ ಹಚ್ಚಿ ಎಬ್ಬಿಸುತ್ತಾರೆ. ಗಾಯವಿಲ್ಲದ್ದರಿಂದ ಹುಳ ಬೀಳುವ ಭಯವಿಲ್ಲ. ರಕ್ತ ನಿಂತ ಬೀಜ ಮುಂದಿನ ವಾರಗಳಲ್ಲಿ ಒಣಗಿ ಸಣ್ಣದಾಗುತ್ತದೆ.

ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ವೀರ್ಯಾಣು ಹುಟ್ಟುವುದು ನಿಲ್ಲುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೂಡ ನಿಲ್ಲುತ್ತದೆ. ಹೋರಿಯ ಗತ್ತು, ಸಿಟ್ಟು, ಬೆದೆ ಎಲ್ಲ ಇಳಿಯುವುದು ಈ ಎರಡನೆಯದರಿಂದ. ಒಡೆಸಿದ ಮರುದಿನವೇ ಹೋರಿ ಬಂಜೆಯಾಗುವುದಿಲ್ಲ ಎಂಬುದೂ ಗಮನಿಸಬೇಕಾದ್ದು. ವೀರ್ಯನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಕೆಲ ವಾರ ಉಳಿದಿರುತ್ತದೆ, ಅಷ್ಟು ದಿನ ಆಕಳುಗಳಿಂದ ದೂರ ಕಟ್ಟಬೇಕು.

ಈ ಎರಡು ಕೆಲಸಗಳನ್ನು ಬೇರ್ಪಡಿಸಬಹುದೆಂದು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1823ರಲ್ಲಿ ಒಂದು ನಾಯಿಯ ಮೇಲೆ ತೋರಿಸಿದ. ಒಂದು ಬದಿಯಲ್ಲಿ ಬೀಜಕ್ಕೆ ಹೋಗುವ ರಕ್ತನಾಳಗಳನ್ನು ಕತ್ತರಿಸಿದ, ಇನ್ನೊಂದು ಬದಿಯಲ್ಲಿ ವೀರ್ಯನಾಳವನ್ನು ಮಾತ್ರ. ರಕ್ತ ನಿಂತ ಬದಿಯ ಬೀಜ ಕೊಳೆಯಿತು. ನಾಳ ಮಾತ್ರ ಕಡಿದ ಬದಿಯದು ಇದ್ದ ಹಾಗೇ ಉಳಿಯಿತು. ಆ ನಾಯಿಯನ್ನು ಆರು ವರ್ಷ ಸಾಕಿ ನೋಡಿದ. ಹೆಣ್ಣುನಾಯಿಯ ಜೊತೆ ಕೂಡುತ್ತಿತ್ತು, ಮರಿ ಮಾತ್ರ ಆಗಲಿಲ್ಲ. ಗಂಡಸುತನ ಬೇರೆ, ಸಂತಾನ ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ. ಹೋರಿಗೆ ಆಗುವುದು ಆ ನಾಯಿಯ ಒಂದು ಬದಿ. ಗಂಡಸಿಗೆ ಕುಟುಂಬ ಯೋಜನೆಯಲ್ಲಿ ಮಾಡುವುದು ಅದರ ಇನ್ನೊಂದು ಬದಿ.

ಮುಂದಿನ ನೂರು ವರ್ಷ ಈ ತಿಳಿವಳಿಕೆ ಅಡ್ಡದಾರಿಗಳಲ್ಲೇ ಅಲೆಯಿತು. 1890ರ ದಶಕದಲ್ಲಿ ಮುದುಕರ ಪ್ರಾಸ್ಟೇಟ್ ಊತಕ್ಕೆ ಕೆಲವರು ವೃಷಣವನ್ನೇ ತೆಗೆದರು, ಕೆಲವರು ನಾಳ ಕಟ್ಟಿ ನೋಡಿದರು. ಅಮೆರಿಕದ ಇಂಡಿಯಾನಾ ಸೆರೆಮನೆಯ ವೈದ್ಯ ಹ್ಯಾರಿ ಶಾರ್ಪ್ 1899ರಿಂದ ಕೈದಿಗಳ ನಾಳ ಕಡಿಯತೊಡಗಿದ. 'ಯೋಗ್ಯರಲ್ಲದವರು' ಮಕ್ಕಳನ್ನು ಹುಟ್ಟಿಸಬಾರದೆಂಬ ಕ್ರೂರ ಸಿದ್ಧಾಂತಕ್ಕೆ 1907ರಲ್ಲಿ ಆ ರಾಜ್ಯ ಕಾನೂನಿನ ಮುದ್ರೆಯನ್ನೂ ಒತ್ತಿತು. ವಿಯೆನ್ನಾದ ಶರೀರಶಾಸ್ತ್ರಜ್ಞ ಸ್ಟೈನಾಕ್ ಅದೇ ಶಸ್ತ್ರಕ್ರಿಯೆಯಿಂದ ಯೌವನ ಮರಳುತ್ತದೆಂದು ನಂಬಿದ್ದ. ಸಿಗ್ಮಂಡ್ ಫ್ರಾಯ್ಡ್, ಕವಿ ಯೇಟ್ಸ್ ಇಬ್ಬರೂ ಮಾಡಿಸಿಕೊಂಡರು. ಯೌವನ ಮರಳಲಿಲ್ಲ, ಆದರೆ ನಾಳ ಕಡಿದರೆ ಗಂಡಸು ನಿಶ್ಶಕ್ತನಾಗುತ್ತಾನೆ ಎಂದು ಆ ಕಾಲದ ಯುರೋಪು ಎಣಿಸಿರಲಿಲ್ಲ ಎಂಬುದನ್ನಂತೂ ಇದು ತೋರಿಸುತ್ತದೆ.

ನಮ್ಮ ಕಡೆ ಬಂದರೆ, ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್ಕುಗಳನ್ನು ತೆರೆದಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ಸರ್ಕಾರವೊಂದು ಇಂಥ ಹೆಜ್ಜೆಯಿಟ್ಟದ್ದು ಜಗತ್ತಿನಲ್ಲೇ ಮೊದಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಸ್ವತಂತ್ರ ಭಾರತದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಇಂದಿನ ಓದುಗರಿಗೆ ಆಶ್ಚರ್ಯವಾಗಬಹುದು, ಅರವತ್ತರ ದಶಕದಲ್ಲಿ ಅದರ ಬೆನ್ನೆಲುಬಾಗಿದ್ದವರು ಗಂಡಸರೇ. ಹೆಂಗಸರಿಗೆ ಹೊಟ್ಟೆ ಕೊಯ್ಯಬೇಕು, ಅರಿವಳಿಕೆ ಬೇಕು. ಗಂಡಸರದು ಶಾಲೆಯ ಕೋಣೆಯಲ್ಲೂ ಆಗುವ ಕೆಲಸ. ಕೇರಳದ ಎರ್ನಾಕುಲಂನಲ್ಲಿ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ 1971ರ ಜುಲೈನಲ್ಲಿ ನಡೆಸಿದ ಒಂದೇ ಶಿಬಿರದಲ್ಲಿ ಸುಮಾರು 63 ಸಾವಿರ ವ್ಯಾಸೆಕ್ಟಮಿ, ಅಂದರೆ ಗಂಡಸರ ನಾಳ ಕಡಿಯುವ ಆಪರೇಷನ್ ಆದವು. ಹಣದ ಜೊತೆಗೆ ವಸ್ತುಗಳನ್ನೂ ಕೊಟ್ಟರು, ಜಾತ್ರೆಯ ಹಾಗೆ ಜನ ಸೇರಿತು. ಶಿಬಿರ, ಗುರಿ, ಬಹುಮಾನ ಎಂಬ ಮಾದರಿ ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. ಜನರನ್ನು ಸೇರಿಸುವ ಈ ಉತ್ಸಾಹದಲ್ಲಿ ಅವರಿಗೆ ತಿಳಿಸಿ ಹೇಳುವುದು ಹಿಂದೆ ಬಿತ್ತು.

ಆಮೇಲೆ ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಚಿಕಿತ್ಸೆಗಳಾದವು, ಅದರಲ್ಲಿ 62 ಲಕ್ಷ ಗಂಡಸರದು. ಶಿಕ್ಷಕರಿಗೆ, ತಲಾಠಿಗಳಿಗೆ, ಕಚೇರಿಯ ಗುಮಾಸ್ತರಿಗೆಲ್ಲ 'ಕೇಸು' ತರುವ ಲೆಕ್ಕ ಹಂಚಲಾಯಿತು. ದೌರ್ಜನ್ಯದ ಭಾರ ಉತ್ತರ ಭಾರತದ ಮೇಲೆ ಹೆಚ್ಚಾಗಿ ಬಿದ್ದರೂ ಭಯಕ್ಕೆ ರಾಜ್ಯದ ಗಡಿ ಇರಲಿಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಮುಂದೆ ಬಂದ ಲೆಕ್ಕದಲ್ಲಿ ಈ ಚಿಕಿತ್ಸೆಗೆ ಸಂಬಂಧಿಸಿದ 1,774 ಸಾವುಗಳಿದ್ದವು. ಮದುವೆಯೇ ಆಗದವರಿಗೆ ಮಾಡಿದರೆಂಬ 548 ದೂರುಗಳಿದ್ದವು. ಮರುವರ್ಷ ಒಟ್ಟು ಸಂಖ್ಯೆ ಹತ್ತು ಲಕ್ಷದ ಒಳಗೆ ಬಿತ್ತು. ಇಲಾಖೆ 'ಕುಟುಂಬ ಕಲ್ಯಾಣ' ಎಂದು ಹೆಸರು ಬದಲಿಸಿಕೊಂಡಿತು. ಗಂಡಸರು ಮಾತ್ರ ಮರಳಿ ಬರಲಿಲ್ಲ.

ಅವರ ಜಾಗಕ್ಕೆ ಹೆಂಗಸರನ್ನು ತಂದು ನಿಲ್ಲಿಸಲಾಯಿತು. ಸಣ್ಣ ತೂತಿನಿಂದ ಹೊಟ್ಟೆಯೊಳಗೆ ನೋಡುವ ಲ್ಯಾಪ್ರೋಸ್ಕೋಪು ಬಂತು, ಶಿಬಿರಗಳು ಹೆಣ್ಣುಮಕ್ಕಳ ಶಿಬಿರಗಳಾದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಆಪರೇಷನ್ ಆದವರು ನೂರಕ್ಕೆ 57.4. ಗಂಡಸರ ಕಾಲಂನಲ್ಲಿ ಇರುವುದು 0.0. ದೇಶದ ಸರಾಸರಿಯೇ 37.9 ಮತ್ತು 0.3. ನಮ್ಮ ಹಳ್ಳಿಗಳಲ್ಲಿ ಎರಡೋ ಮೂರೋ ಮಕ್ಕಳಾಗಿ ಇಪ್ಪತ್ತೈದರ ಆಸುಪಾಸಿನಲ್ಲೇ ಹೆಣ್ಣುಮಗಳ ಆಪರೇಷನ್ ಮುಗಿದಿರುತ್ತದೆ. ಕಾರಣ ಕೇಳಿದರೆ, ಗಂಡಸು ದುಡಿಯುವವ, ಅವನಿಗೆ ನಿಶ್ಶಕ್ತಿ ಬಂದರೆ ಮನೆ ನಡೆಯುವುದು ಹೇಗೆ ಎನ್ನುತ್ತಾರೆ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ನೀರು ಹೊರುವುದು, ಮೇವಿನ ಹೊರೆ ತರುವುದು ದುಡಿಮೆಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಈ ಮಾತು ಹೆಚ್ಚಾಗಿ ಮನೆಯ ಹಿರಿಯ ಹೆಂಗಸರ ಬಾಯಲ್ಲೇ ಬರುವುದು ನನಗೆ ಇನ್ನಷ್ಟು ಸಂಕಟ.

ಹೆಂಗಸರ ಶಿಬಿರಗಳು ಹೆಚ್ಚುತ್ತಿದ್ದ ಅದೇ ಹೊತ್ತಿಗೆ ಗಂಡಸರ ಆಪರೇಷನ್ ಇನ್ನಷ್ಟು ಹಗುರವಾಗಿತ್ತು. ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ 1974ರಲ್ಲಿ ಸಿಚುವಾನ್‌ನಲ್ಲಿ ರೂಪಿಸಿದ ವಿಧಾನದಲ್ಲಿ ಚಾಕು ಬೇಕಿಲ್ಲ. ಭಾರತಕ್ಕೆ ತೊಂಬತ್ತರ ದಶಕದಲ್ಲಿ ಬಂದ ಇದನ್ನೇ ಆಸ್ಪತ್ರೆಗಳಲ್ಲಿ ಎನ್‌ಎಸ್‌ವಿ (ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ) ಎನ್ನುವುದು. ಕೋಣೆ ಬೆಚ್ಚಗಿರಬೇಕು, ಚಳಿಗೆ ಚೀಲ ಮುದುಡಿದರೆ ನಾಳ ಕೈಗೆ ಸಿಗದು. ವೈದ್ಯರು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ನಾಳವನ್ನು ಚರ್ಮದ ಅಡಿಗೆ ತಂದು ಹಿಡಿದು, ಅಲ್ಲೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಉಂಗುರದ ತುದಿಯ ಚಿಮುಟದಲ್ಲಿ ನಾಳವನ್ನು ಬಿಗಿಹಿಡಿದು, ಚೂಪಾದ ಇನ್ನೊಂದರಿಂದ ಚರ್ಮಕ್ಕೆ ಸಣ್ಣ ತೂತು ಮಾಡಿ ಅಗಲಿಸಿ, ನಾಳವನ್ನಷ್ಟೇ ಹೊರಗೆಳೆದು ತುಂಡು ತೆಗೆದು ಕಟ್ಟುತ್ತಾರೆ. ಎರಡು ತುದಿಗಳ ನಡುವೆ ಒಳಪೊರೆಯನ್ನು ಎಳೆದು ಮುಚ್ಚಿದರೆ ಮತ್ತೆ ಕೂಡುವ ಸಾಧ್ಯತೆ ಇಳಿಯುತ್ತದೆ. ಹೊಲಿಗೆ ಇಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿದು, ಸ್ವಲ್ಪ ಹೊತ್ತು ಕೂತು ನಡೆದೇ ಮನೆಗೆ ಹೋಗಬಹುದು. ಬೀಜಕ್ಕೆ ಕೈಯೇ ಹಚ್ಚಿರುವುದಿಲ್ಲ. ಹಾರ್ಮೋನು ಹೋಗುವುದು ರಕ್ತದ ಮೂಲಕ, ನಾಳದ ಮೂಲಕವಲ್ಲ. ಆದ್ದರಿಂದ ಮೀಸೆ, ದನಿ, ತೋಳಿನ ಬಲ, ಗಂಡಹೆಂಡಿರ ಸುಖ ಯಾವುದಕ್ಕೂ ಧಕ್ಕೆಯಿಲ್ಲ.

ಹಾಗಾದರೆ ಬೀಜವನ್ನೇ ತೆಗೆಯುವ ಆಪರೇಷನ್ ಮನುಷ್ಯರಿಗೆ ಮಾಡುವುದೇ ಇಲ್ಲವೇ? ಮಾಡುತ್ತಾರೆ, ಉದ್ದೇಶ ಮಾತ್ರ ಬೇರೆ. ಅದರ ಹೆಸರು ಆರ್ಕಿಯೆಕ್ಟಮಿ. ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ 1941ರಲ್ಲಿ ಟೆಸ್ಟೋಸ್ಟೆರಾನ್ ನಿಲ್ಲಿಸಿದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಎಂಬತ್ತರ ದಶಕದಿಂದ ಇದೇ ಕೆಲಸಕ್ಕೆ ಇಂಜೆಕ್ಷನ್‌ಗಳಿವೆ, ಆದರೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ದುಬಾರಿ ಸೂಜಿ ಚುಚ್ಚಿಸಿಕೊಳ್ಳಲು ಆಗದ ಹಳ್ಳಿಯ ಹಿರಿಯರಿಗೆ ಇಂದಿಗೂ ಒಂದೇ ಸಲದ ಶಸ್ತ್ರಕ್ರಿಯೆ ಕೈಗೆಟುಕುವ ದಾರಿ. ಬಿಸಿ ಉರಿ ಏಳುವುದು, ಮೂಳೆ ಸವೆಯುವುದು, ಆಸೆ ಕುಂದುವುದು ಅದರ ಬೆನ್ನಿಗೇ ಬರುತ್ತವೆ. ವೃಷಣದ ಗಂಟು ಕ್ಯಾನ್ಸರ್ ಆದಾಗ, ತಿರುಚಿಕೊಂಡ ಬೀಜಕ್ಕೆ ಆರು ತಾಸಿನೊಳಗೆ ಚಿಕಿತ್ಸೆ ಸಿಗದೆ ಸತ್ತಾಗ ಒಂದು ಬದಿಯನ್ನು ತೆಗೆಯುತ್ತಾರೆ. ಇನ್ನೊಂದು ಚೆನ್ನಾಗಿದ್ದರೆ ಮಕ್ಕಳಾಗಲು ಅಡ್ಡಿಯಿಲ್ಲ. ಎರಡೂ ಹೋದರೆ ವೀರ್ಯಾಣು ಮತ್ತೆಂದೂ ಹುಟ್ಟದು, ನಾಳದಲ್ಲಿ ಉಳಿದದ್ದು ಖಾಲಿಯಾದ ಮೇಲೆ ಬಂಜೆತನ ಶಾಶ್ವತ. ಮುಂದೆ ಮಕ್ಕಳು ಬೇಕೆನ್ನುವವರು ಮೊದಲೇ ವೀರ್ಯವನ್ನು ಶೀತಲೀಕರಿಸಿ ಇಡಿಸಬೇಕು. ಮಕ್ಕಳು ಬೇಡ ಎಂಬ ಒಂದೇ ಕಾರಣಕ್ಕೆ ಬೀಜ ತೆಗೆಸಬೇಕಾದ ಪ್ರಸಂಗವೇ ಇಲ್ಲ. ಆ ಉದ್ದೇಶಕ್ಕೆ ನಾಳ ಸಾಕು.

ತಮ್ಮ ದೇಹ ತಮ್ಮ ಮನಸ್ಸಿಗೆ ಒಪ್ಪಲಿ ಎಂದು ಈ ಶಸ್ತ್ರಕ್ರಿಯೆ ಬಯಸುವ ಲಿಂಗತ್ವ ಅಲ್ಪಸಂಖ್ಯಾತರದು ಬೇರೆಯದೇ ಕತೆ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರಲ್ಲಿ ಇದು ಕಟ್ಟುಪಾಡಲ್ಲ, ಸೀರೆಯುಟ್ಟು ಮುತ್ತು ಕಟ್ಟಿಸಿಕೊಂಡವರಲ್ಲಿ ಅನೇಕರು ದೇಹಕ್ಕೆ ಕತ್ತರಿ ಹಾಕಿಸುವುದಿಲ್ಲ. ಹಿಜ್ರಾ ಸಮುದಾಯದಲ್ಲಿ 'ನಿರ್ವಾಣ' ಎನ್ನುವ ಆಚರಣೆಯಲ್ಲಿ ಕದ್ದುಮುಚ್ಚಿ ನಡೆದ ಕೊಯ್ತದಿಂದ ಜೀವ ಹೋದವರಿದ್ದಾರೆ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ ಬಂದ ಮೇಲೆ ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ ಮಾಡಿಸಿಕೊಳ್ಳುವುದು ಸರ್ಕಾರ ಒದಗಿಸಬೇಕಾದ ಸೇವೆಯಾಗಿದೆ.

ಇನ್ನು 'ಗ್ಯಾರಂಟಿ ಏನು' ಎಂಬ ಪ್ರಶ್ನೆ. ನಾಳ ಕಡಿದ ದಿನವೇ ಕೆಲಸ ಮುಗಿಯಲಿಲ್ಲ. ಒಡೆಸಿದ ಹೋರಿಯ ಹಾಗೆಯೇ ಮುಂದಿನ ನಾಳದಲ್ಲಿ ಹಳೆಯ ವೀರ್ಯಾಣು ಉಳಿದಿರುತ್ತದೆ. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆಯಾಗಿ ಒಂದೂ ವೀರ್ಯಾಣು ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಸರ್ಟಿಫಿಕೇಟು. ಅಷ್ಟಾದ ನಂತರ ನಾಳ ಮತ್ತೆ ಕೂಡುವುದು ಸುಮಾರು ಎರಡು ಸಾವಿರಕ್ಕೆ ಒಬ್ಬರಲ್ಲಿ. ಈ ಮಾತು ಹೇಳದೆ ಕಳಿಸಿದಾಗ ಏನಾಗುತ್ತದೆ? ಹೆಂಡತಿ ಬಸಿರಾಗುತ್ತಾಳೆ, ಊರು ಅವಳ ಶೀಲದ ಮಾತಾಡುತ್ತದೆ. ವಿಫಲ ಆಪರೇಷನ್ನಿನ ದಾವೆಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. 2000ದಲ್ಲಿ ಹರಿಯಾಣದ ಬಡ ಕೂಲಿ ಮಹಿಳೆಯೊಬ್ಬರಿಗೆ ಪರಿಹಾರ ಸಿಕ್ಕಿತು. 2005ರಲ್ಲಿ ಇನ್ನೊಂದು ಪ್ರಕರಣದಲ್ಲಿ, ವೈದ್ಯರ ನಿರ್ಲಕ್ಷ್ಯ ಸಾಬೀತಾಗದೆ ಬರೀ ವೈಫಲ್ಯಕ್ಕೆ ಹೊಣೆ ಹೊರಿಸಲಾಗದೆಂದು ನ್ಯಾಯಾಲಯ ಹೇಳಿತು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಹೆಣ್ಣುಮಕ್ಕಳು ಸತ್ತ ಮೇಲೆ, 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮೂರು ವರ್ಷದೊಳಗೆ ಶಿಬಿರ ಪದ್ಧತಿಯನ್ನೇ ನಿಲ್ಲಿಸಬೇಕೆಂದಿತು.

ಸಂಶೋಧನೆ ನಿಂತಿಲ್ಲ. ಐಐಟಿ ಖರಗ್‌ಪುರದ ಸುಜೋಯ್ ಗುಹಾ 1970ರ ದಶಕದ ಕೊನೆಯಿಂದ ಬೆನ್ನುಹತ್ತಿದ ರಿಸುಗ್ ಎಂಬ ಔಷಧವನ್ನು ನಾಳದೊಳಗೆ ಚುಚ್ಚಿದರೆ ಕಡಿಯುವ ಅಗತ್ಯವೇ ಇಲ್ಲ. 303 ಗಂಡಸರ ಮೇಲಿನ ಮೂರನೇ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು, ನೂರಕ್ಕೆ 99 ಯಶಸ್ಸು. ಬೇಕೆಂದಾಗ ತೊಳೆದು ತೆಗೆಯಬಹುದೆಂಬುದನ್ನು ಮನುಷ್ಯರಲ್ಲಿ ಸಾಧಿಸಿ ತೋರಿಸುವುದು ಬಾಕಿ.

ಅದಕ್ಕಾಗಿ ಕಾಯಬೇಕಾಗಿಲ್ಲ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಆರೋಗ್ಯ ಇಲಾಖೆ ಪುರುಷರ ಸಂತಾನಹರಣ ಪಾಕ್ಷಿಕ ಆಚರಿಸುತ್ತದೆ, ಬ್ಯಾನರ್ ಕಟ್ಟುತ್ತದೆ, ಹೆಂಗಸರಿಗಿಂತ ಹೆಚ್ಚಿನ ಪರಿಹಾರಧನ ಘೋಷಿಸುತ್ತದೆ. ಪಶು ಆಸ್ಪತ್ರೆಯ ಡಾಕ್ಟರನ್ನು ಅದೇ ವೇದಿಕೆಗೆ ಕರೆತಂದು, ಹೋರಿಗೆ ತಾವು ಒತ್ತುವುದು ಯಾವುದನ್ನು, ಗಂಡಸಿಗೆ ಕಡಿಯುವುದು ಯಾವುದನ್ನು ಎಂದು ರೈತರ ಮುಂದೆ ಚಿತ್ರ ಬರೆದು ತೋರಿಸಲಿ. ಮೂರು ತಿಂಗಳ ನಂತರದ ವೀರ್ಯ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಲಿ. ಕಫದಲ್ಲಿ ಕ್ಷಯ, ರಕ್ತದಲ್ಲಿ ಮಲೇರಿಯಾ ಹುಡುಕುವ ಅದೇ ಸೂಕ್ಷ್ಮದರ್ಶಕದಲ್ಲಿ, ಅದೇ ಲ್ಯಾಬ್ ಟೆಕ್ನಿಷಿಯನ್ನರ ಕೈಯಲ್ಲಿ ಅದು ಆಗುತ್ತದೆ. ಅದಕ್ಕಾಗಿ ಯಾರೂ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿ ಬಸ್ಸು ಹತ್ತಬೇಕಾಗಿಲ್ಲ.