ಮದರಾಸಿನ ಕ್ಯಾಪ್ಟನ್ ಲೆಕ್ಕ ಹಾಕಿದ ಗ್ರಹ

ಸೂರ್ಯನಲ್ಲದ ಬೇರೊಂದು ನಕ್ಷತ್ರಕ್ಕೂ ಗ್ರಹವಿರಬೇಕು ಎಂದು ಅಳತೆ, ಲೆಕ್ಕಗಳ ಆಧಾರದಿಂದ ಪ್ರಕಟವಾದ ಮೊದಮೊದಲ ವರದಿಗಳಲ್ಲಿ ಒಂದು ಹೊರಟಿದ್ದು ನಮ್ಮ ಪಕ್ಕದ ಮದರಾಸಿನಿಂದ, 1855ರಲ್ಲಿ. ಆಗ ಮದ್ದೂರು, ಮಂಡ್ಯಕ್ಕೆ ರೈಲು ಬಂದಿರಲಿಲ್ಲ. ಮಳವಳ್ಳಿಯ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಲು ಇನ್ನೂ 47 ವರ್ಷ ಬಾಕಿಯಿತ್ತು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ, ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಬರೆಯಲು ಇದಕ್ಕಿಂತ ಒಳ್ಳೆಯ ವಿಷಯ ತೋಚಲಿಲ್ಲ.

ಆ ನಕ್ಷತ್ರದ ಹೆಸರು 70 ಒಫಿಯೂಕಿ. ಉರಗಧರ ನಕ್ಷತ್ರಪುಂಜದಲ್ಲಿದೆ. ಮಳೆಮೋಡ ಬಿಡುವು ಕೊಟ್ಟರೆ ಜುಲೈ ತಿಂಗಳ ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮ ನೆತ್ತಿಯ ಹತ್ತಿರವೇ, ಮಂಕಾಗಿ ಕಾಣುತ್ತದೆ. ಬೀದಿದೀಪ ಇಲ್ಲದ ಗದ್ದೆ ಬಯಲು ಬೇಕು. ದೂರ ಸುಮಾರು 16.7 ಜ್ಯೋತಿರ್ವರ್ಷ. ಈಗ ಹತ್ತನೇ ತರಗತಿಯಲ್ಲಿರುವ ಮಕ್ಕಳು ಹುಟ್ಟುವುದಕ್ಕೂ ಸ್ವಲ್ಪ ಮೊದಲು ಹೊರಟ ಬೆಳಕು ಇಂದು ನಮ್ಮನ್ನು ಮುಟ್ಟುತ್ತಿದೆ. ಬರಿಗಣ್ಣಿಗೆ ಒಂದೇ ಚುಕ್ಕೆ, ದೂರದರ್ಶಕದಲ್ಲಿ ಎರಡು. ಸೂರ್ಯನಿಗಿಂತ ತುಸು ಚಿಕ್ಕದಾದ ಈ ಜೋಡಿ ಸುಮಾರು 88 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತದೆ.

ನುಂಗಂಬಾಕ್ಕಂನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯಕ್ಕೆ ಆಗ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್ ನಿರ್ದೇಶಕರು. ಮೂಲತಃ ಸೇನೆಯ ಎಂಜಿನಿಯರ್, ಭೂಮಾಪನದಲ್ಲಿ ಪಳಗಿದವರು. ಹಿಂದಿನವರ ಅಳತೆಗಳನ್ನೂ ತಮ್ಮವನ್ನೂ ಜೋಡಿಸಿ ನೋಡಿದಾಗ ನಕ್ಷತ್ರ ಲೆಕ್ಕದ ದಾರಿಯಲ್ಲಿ ನಡೆಯುತ್ತಿರಲಿಲ್ಲ. ನಮ್ಮ ಕಡೆ ಹಳೆಯ ಆಲೆಮನೆಗಳಲ್ಲಿ ಕಬ್ಬಿನ ಗಾಣ ಸುತ್ತುವ ಎತ್ತು ಪ್ರತಿ ಸುತ್ತಿನಲ್ಲೂ ಪಕ್ಕಕ್ಕೆ ವಾಲಿದರೆ, ಯಾರೋ ಹಗ್ಗ ಜಗ್ಗುತ್ತಿದ್ದಾರೆ ಅನ್ನುತ್ತೇವಲ್ಲ, ಅದೇ ತರ್ಕ. ಕಾಣದ ಗ್ರಹವೊಂದು ಎಳೆಯುತ್ತಿರುವ ಸಂಭವ ಹೆಚ್ಚು ಎಂದು ಅವರು ಬರೆದರು. ಸಂಭವ ಎಂದರು, ಇದೆ ಎನ್ನಲಿಲ್ಲ. ಈ ಮಾತು ನನಗೆ ಮುಖ್ಯ.

1896ರಲ್ಲಿ ಅಮೆರಿಕದ ಟಿ.ಜೆ.ಜೆ. ಸೀ ಇದೇ ಜೋಡಿಯಲ್ಲಿ ಕಾಣದ ಕಾಯವಿದೆ ಎಂದು ಗಟ್ಟಿಯಾಗಿ ಸಾರಿದರು. ಅಂಥ ಮೂರನೆಯ ಕಾಯ ಆ ಕಕ್ಷೆಯಲ್ಲಿ ಉಳಿಯಲಾರದು ಎಂದು 1899ರಲ್ಲಿ ಫಾರೆಸ್ಟ್ ಮೌಲ್ಟನ್ ಗಣಿತದಿಂದ ತೋರಿಸಿದರು. ಸೀ ಸಿಟ್ಟಾದರು. ಜೇಕಬ್ ಊಹಿಸಿದ ಗ್ರಹವೂ ನಿಲ್ಲಲಿಲ್ಲ. ಇಂದಿನವರೆಗೂ ಅಲ್ಲಿ ಯಾವ ಗ್ರಹವೂ ಖಚಿತವಾಗಿಲ್ಲ.

ಎಡವಟ್ಟಾಗಿದ್ದು ಅಳತೆಯಲ್ಲಿ. ಐದು ಕಿಲೋಮೀಟರ್ ಆಚೆ ಇಟ್ಟ ನಾಣ್ಯ ಕಾಣುವಷ್ಟು ಅಗಲಕ್ಕಿಂತಲೂ ಸಣ್ಣ ವ್ಯತ್ಯಾಸವನ್ನು ಕಣ್ಣಿನಿಂದಲೇ, ಕೈಯಲ್ಲಿ ತಿರುಪು ತಿರುಗಿಸಿ ಅಳೆಯಬೇಕಿತ್ತು. ಹಾಗೆಂದು ಹಳಬರನ್ನು ನೋಡಿ ನಗುವಂತಿಲ್ಲ. ಆಲ್ಫಾ ಸೆಂಟಾರಿ ಜೋಡಿ ಎಂದು 1689ರಲ್ಲಿ ಪಾಂಡಿಚೇರಿಯಿಂದ ಕಂಡವರು ಪಾದ್ರಿ ರಿಶೋ. ಆ ಜೋಡಿಗೆ ಗ್ರಹ ಸಿಕ್ಕಿತೆಂದು 2012ರಲ್ಲಿ ದೊಡ್ಡ ಸುದ್ದಿಯಾಯಿತು. ಕಂಪ್ಯೂಟರ್, ಉತ್ತಮ ಉಪಕರಣ ಎಲ್ಲ ಇದ್ದೂ, ಅದು ವೀಕ್ಷಣೆಯ ದಿನಗಳ ನಡುವಿನ ಅಂತರ ಹುಟ್ಟಿಸಿದ ಭ್ರಮೆ ಎಂದು 2015ರಲ್ಲಿ ಗೊತ್ತಾಯಿತು. ದತ್ತಾಂಶದ ಜೊತೆ ದಿನವಿಡೀ ಗುದ್ದಾಡುವ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಜೇಕಬ್ ಅವರ ತರ್ಕ ಸುಳ್ಳಾಗಲಿಲ್ಲ. ನಕ್ಷತ್ರದ ತೂಗಾಟ ನೋಡಿ ಗ್ರಹ ಹಿಡಿಯುವ ಉಪಾಯದಿಂದಲೇ 1995ರಲ್ಲಿ ಮೇಯರ್ ಮತ್ತು ಕೆಲೊ 51 ಪೆಗಾಸಿಯ ಗ್ರಹ ಕಂಡರು. 2019ರಲ್ಲಿ ನೊಬೆಲ್ ಬಂತು. ಅವರು ಅಳೆದದ್ದು ಜಾಗವನ್ನಲ್ಲ, ಬೆಳಕಿನಲ್ಲಿ ಕಾಣುವ ವೇಗವನ್ನು. 55 ಕ್ಯಾಂಕ್ರಿ ಎಂಬ ಜೋಡಿಯಲ್ಲಿ ಸೂರ್ಯನಂಥ ನಕ್ಷತ್ರಕ್ಕೆ ಐದು ಗ್ರಹಗಳಿವೆ.

ಜೇಕಬ್ 1862ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮದರಾಸಿನ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲ್‌ಗೆ ಹೋಯಿತು. ಅದರ ಹಳೆಯ ಕಡತಗಳು ಈಗ ಬೆಂಗಳೂರಿನ ಕೋರಮಂಗಲದಲ್ಲಿ, ಭಾರತೀಯ ಖಭೌತ ಸಂಸ್ಥೆಯ ಸಂಗ್ರಹದಲ್ಲಿವೆ. ನಮ್ಮ ವಿಜ್ಞಾನ ಮೇಷ್ಟ್ರುಗಳು ಮುಂದಿನ ಶಾಲಾ ಪ್ರವಾಸಕ್ಕೆ ಆ ಸಂಸ್ಥೆಗೆ ಒಂದು ಪತ್ರ ಬರೆದು ನೋಡಬಹುದು.