ಚಿನ್ನಸ್ವಾಮಿಯವರ ಮೈದಾನವೂ ದಾಂಡಿಗರ ದಾಖಲೆಗಳೂ

ಮಂಗಳಂ ಚಿನ್ನಸ್ವಾಮಿಯವರು 1900ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ಮಂಡ್ಯದಲ್ಲಿ ಹುಟ್ಟಿದರು. ಆಗ ಮಂಡ್ಯವು ಜಿಲ್ಲೆಯಾಗಿರಲಿಲ್ಲ. ಮೈಸೂರು ಜಿಲ್ಲೆಗೆ ಸೇರಿದ ಒಂದು ತಾಲ್ಲೂಕಿನ ಊರು. ಕನ್ನಂಬಾಡಿಯ ಕಟ್ಟೆಯೂ ಎದ್ದಿರಲಿಲ್ಲ, ನಾಲೆಯ ನೀರೂ ಹರಿದಿರಲಿಲ್ಲ. ಅಂತಹ ಒಣಭೂಮಿಯ ಊರಿನಲ್ಲಿ ಹುಟ್ಟಿದ ಇವರು ನ್ಯಾಯಶಾಸ್ತ್ರವನ್ನೋದಿ ವಕೀಲರಾದರು. ವಕೀಲಿಯೊಡನೆ ಕ್ರಿಕೆಟ್ ಸಂಸ್ಥೆಯ ಕೆಲಸವನ್ನೂ ಹಚ್ಚಿಕೊಂಡು, ನಾಲ್ಕು ದಶಕಗಳ ಕಾಲ ರಾಜ್ಯದ ಸಂಸ್ಥೆಯನ್ನು ನಡೆಸಿ, 1977ರಿಂದ 1980ರವರೆಗೆ ಭಾರತದ ಕ್ರಿಕೆಟ್ ಮಂಡಲಿಯ ಅಧ್ಯಕ್ಷರಾಗಿದ್ದು, 1991ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಕಬ್ಬನ್ ಉದ್ಯಾನದ ಮಗ್ಗುಲಲ್ಲಿರುವ ಆಟದ ಮೈದಾನವು ಮೊದಲು ಸಂಸ್ಥೆಯ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದು, ಅನಂತರ ಇವರ ಹೆಸರನ್ನು ಪಡೆಯಿತು. ಪ್ರಪಂಚದ ನಾನಾ ದೇಶಗಳವರು ಪ್ರತಿ ವರ್ಷವೂ ಉಚ್ಚರಿಸುವ ಈ ಹೆಸರು ಮಂಡ್ಯದಲ್ಲಿ ಹುಟ್ಟಿದವರೊಬ್ಬರದೆಂಬುದನ್ನು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾವಂತರ ಮನೆಗಳಲ್ಲಿಯೂ ಎಷ್ಟು ಜನ ಬಲ್ಲರು?

ಅವರ ಚರಿತ್ರೆಯನ್ನು ಬರೆಯುವುದು ಪ್ರಕೃತ ನನ್ನ ಉದ್ದೇಶವಲ್ಲ. ಅವರ ಹೆಸರಿನ ಮೈದಾನದಲ್ಲಿ ದಾಂಡು ಹಿಡಿದವರು ಏನೇನು ಸಾಧಿಸಿದರೆಂಬುದೇ ವಿಷಯ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಈ ಚೆಂಡಾಟದ ಗೊಡವೆ ಏಕೆಂದು ಯಾರಾದರೂ ನಕ್ಕರೆ, ದಶಕುಮಾರಚರಿತದಲ್ಲಿ ಕಂದುಕಾವತಿಯು ಚೆಂಡಾಡುವ ಭಾಗವನ್ನು ಅವರು ಓದಿಲ್ಲವೆಂದೇ ತಿಳಿಯಬೇಕಾಗುತ್ತದೆ. ಆ ಗ್ರಂಥವನ್ನು ಬರೆದ ಮಹಾಕವಿಯ ಹೆಸರು ದಂಡಿ; ದಾಂಡಿಗನಿಗೂ ಒಪ್ಪುವ ಹೆಸರು. ಇರಲಿ.

ಈ ಮೈದಾನದ ಮೊದಲ ದೊಡ್ಡ ಸಂಗತಿ ನಡೆದುದು ಪರದೇಶದವರ ಸಂಗಡವಲ್ಲ, ಮುಂಬಯಿಯವರ ಸಂಗಡ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ಹೊಸ ಹೆಸರಿನಿಂದ ಆಡಿದ ಪ್ರಥಮ ವರ್ಷದಲ್ಲಿಯೇ, 1974ರಲ್ಲಿ, ರಣಜಿ ಪಂದ್ಯಾವಳಿಯ ಉಪಾಂತ್ಯದ ಆಟವು ಇಲ್ಲಿ ನಡೆಯಿತು. ಮುಂಬಯಿಯವರು ಅದಕ್ಕೆ ಮೊದಲು ಸತತವಾಗಿ 15 ವರ್ಷಗಳ ಕಾಲ ಆ ಪ್ರಶಸ್ತಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು 162 ರನ್ನುಗಳನ್ನೂ ಬ್ರಿಜೇಶ್ ಪಟೇಲರು 106 ರನ್ನುಗಳನ್ನೂ ಹೊಡೆದುದರಿಂದ ಕರ್ನಾಟಕದ ಮೊತ್ತವು 385ಕ್ಕೆ ಏರಿತು. ಮುಂಬಯಿ 307ಕ್ಕೆ ನಿಂತಿತು. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಶಸ್ತಿಯನ್ನು ತಂದರೆಂಬುದು ಎಲ್ಲರಿಗೂ ಗೊತ್ತು. ಅಂತರರಾಷ್ಟ್ರೀಯ ದಾಖಲೆಗಳ ಪಟ್ಟಿಯಲ್ಲಿ ಆ 162ಕ್ಕೆ ಸ್ಥಳವಿಲ್ಲ. ಆದರೂ ಕರ್ನಾಟಕದವನಾದ ನಾನು ಲೆಕ್ಕವನ್ನು ಅಲ್ಲಿಂದಲೇ ಎಣಿಸುವವನು.

ಅದೇ ವರ್ಷ ನವೆಂಬರ್ 22ರಂದು ಇಲ್ಲಿ ಪ್ರಥಮ ಟೆಸ್ಟ್ ಪಂದ್ಯವು ಪ್ರಾರಂಭವಾಯಿತು. ಎದುರಾಳಿಗಳು ವೆಸ್ಟ್ ಇಂಡೀಸಿನವರು. ಒದ್ದೆಯಾದ ಅಂಕಣದ ಮೇಲೆ ಕಾಳಿಚರಣನು 124 ರನ್ ಮಾಡಿದನು. ಈ ಮೈದಾನದ ಪ್ರಥಮ ಟೆಸ್ಟ್ ಶತಕ ಅದು. ಅಂದೇ ಪ್ರಥಮ ಟೆಸ್ಟ್ ಆಡಿದ ಗಾರ್ಡನ್ ಗ್ರೀನಿಜನು ಮೊದಲ ಸಲ 93ಕ್ಕೆ ಓಡಿ ಔಟಾಗಿ, ಎರಡನೆಯ ಸಲ 107ನ್ನು ಗಳಿಸಿದನು. ನಾಯಕನಾದ ಕ್ಲೈವ್ ಲಾಯ್ಡನು 163. ಇದೇ ಪಂದ್ಯದಲ್ಲಿ ಮೊದಲು ಕಣಕ್ಕಿಳಿದ ಇನ್ನೊಬ್ಬ ಯುವಕನನ್ನು ಚಂದ್ರಶೇಖರರು ಎರಡು ಸಲವೂ 4 ಮತ್ತು 3 ರನ್ನುಗಳಿಗೆ ಹಿಂದಕ್ಕೆ ಕಳುಹಿಸಿದರು. ಆ ಯುವಕನ ಹೆಸರು ವಿವಿಯನ್ ರಿಚರ್ಡ್ಸ್. ಭಾರತವು 267 ರನ್ನುಗಳಿಂದ ಸೋತಿತು. ವಾಚಕರು ಈ 267ನ್ನು ನೆನಪಿನಲ್ಲಿಟ್ಟಿರಬೇಕು.

1979ರಲ್ಲಿ ಆಸ್ಟ್ರೇಲಿಯದವರು ಬಂದಾಗ ವಿಶ್ವನಾಥರು ಔಟಾಗದೆ 161 ರನ್ ಮಾಡಿದರು. ಕರ್ನಾಟಕದ ದಾಂಡಿಗನೊಬ್ಬನು ತನ್ನ ಈ ಮನೆಯಂಗಳದಲ್ಲಿ ಹೊಡೆದ ಟೆಸ್ಟ್ ಶತಕವು ಇದೊಂದೇ! ಟೆಸ್ಟ್ ಪಂದ್ಯಗಳಲ್ಲಿ 36 ಶತಕಗಳನ್ನು ಗಳಿಸಿದ ರಾಹುಲ್ ದ್ರಾವಿಡರಿಗೆ ಇಲ್ಲಿ ಒಂದೂ ಒದಗಲಿಲ್ಲ. 1983ರಲ್ಲಿ ಪಾಕಿಸ್ತಾನದ ಎದುರು ರಾಜರ್ ಬಿನ್ನಿಯವರು ಔಟಾಗದೆ 83, 2017ರಲ್ಲಿ ಆಸ್ಟ್ರೇಲಿಯದ ಎದುರು ಕೆ. ಎಲ್. ರಾಹುಲರು 90. ಮನೆಯವರಿಗೆ ಅನ್ನ ಬಡಿಸುವಾಗ ಪಾತ್ರೆ ಬರಿದಾಯಿತೆಂಬ ಹಾಗೆ, ಅತಿಥಿಗಳಿಗೆ ಈ ಮೈದಾನವು ಕೊಟ್ಟಷ್ಟನ್ನು ನಮ್ಮವರಿಗೆ ಕೊಡಲಿಲ್ಲ. ಇದಕ್ಕೆ ಕಾರಣವನ್ನು ಹುಡುಕುವುದು ವ್ಯರ್ಥವೆಂದು ನನಗೆ ತೋರುತ್ತದೆ. ದ್ರಾವಿಡರ ಕೈಗುಣವು ಲೋಕದ ಇತರ ಕಡೆಗಳಲ್ಲೆಲ್ಲ ಸಿದ್ಧವಾಗಿರುವಾಗ ಇಲ್ಲಿಯ ಕೊರತೆಯಿಂದ ಅವರಿಗೇನೂ ಊನವಿಲ್ಲ.

ಸುನಿಲ್ ಗಾವಸ್ಕರರು ಇಲ್ಲಿ 1981ರಲ್ಲಿ ಇಂಗ್ಲೆಂಡಿನ ಎದುರು 708 ನಿಮಿಷಗಳ ಕಾಲ ನಿಂತು 172 ರನ್ ಗಳಿಸಿದರು. ಹನ್ನೊಂದು ಮುಕ್ಕಾಲು ಗಂಟೆಯ ಆಟ. ಅದನ್ನು ತಪಸ್ಸೆಂದು ಹೊಗಳಿದವರೂ ಉಂಟು, ನಿದ್ರೆ ಬಂತೆಂದವರೂ ಉಂಟು. ಎರಡನೆಯವರ ಮಾತಿನಲ್ಲಿಯೂ ಸತ್ಯಾಂಶವಿಲ್ಲದಿಲ್ಲ. 1983ರಲ್ಲಿ ಪಾಕಿಸ್ತಾನದ ಎದುರು ಅವರದು ಔಟಾಗದ 103. ಆದರೆ ಈ ಮೈದಾನದ ದಾಂಡುಗಾರಿಕೆಯಲ್ಲಿ ಯಾವುದು ಶ್ರೇಷ್ಠವೆಂದು ನನ್ನನ್ನು ಕೇಳಿದರೆ, ನಾನು ಯಾವ ಶತಕವನ್ನೂ ಹೇಳುವುದಿಲ್ಲ. 1987ರ ಮಾರ್ಚಿಯಲ್ಲಿ ಗಾವಸ್ಕರರು ತಮ್ಮ ಕಟ್ಟಕಡೆಯ ಟೆಸ್ಟ್ ಇನ್ನಿಂಗ್ಸಿನಲ್ಲಿ ಗಳಿಸಿದ 96ನ್ನು ಹೇಳುತ್ತೇನೆ. ಆ ಅಂಕಣವು ಮೊದಲ ದಿನದಿಂದಲೇ ಚೆಂಡನ್ನು ಹಾವಿನಂತೆ ತಿರುಗಿಸುತ್ತಿತ್ತು. ಪಾಕಿಸ್ತಾನದವರು 116ಕ್ಕೆ ಮುಗಿದರು. ಮಣಿಂದರ್ ಸಿಂಗರು 27 ರನ್ನುಗಳಿಗೆ 7 ವಿಕೆಟ್ ಪಡೆದರು. ಭಾರತವು 145ಕ್ಕೆ ಮುಗಿಯಿತು. ಪಾಕಿಸ್ತಾನವು ಎರಡನೆಯ ಸಲ 249 ಮಾಡಿದುದರಿಂದ ಗೆಲ್ಲಲು 221 ಬೇಕಾಯಿತು. ಇಕ್ಬಾಲ್ ಕಾಸಿಂ, ತೌಸೀಫ್ ಅಹ್ಮದ್ ಎಂಬಿಬ್ಬರು ಸ್ಪಿನ್ ಬೌಲರುಗಳು ಒಬ್ಬೊಬ್ಬರೂ ಆ ಪಂದ್ಯದಲ್ಲಿ 9 ವಿಕೆಟ್ ಪಡೆದರು. ಒಂದು ಚೆಂಡು ನೆಲಕ್ಕೆ ಹತ್ತಿ ಬರುವುದು, ಮುಂದಿನದು ಎದೆಗೆ ಹಾರುವುದು. ಇಂತಹ ನೆಲದ ಮೇಲೆ ಐದು ಗಂಟೆಗೂ ಮೀರಿ ನಿಂತು, ಕೊನೆಯ ಕ್ಷಣದಲ್ಲಿ ಕೈಗವಸನ್ನು ಹಿಂದೆಗೆದುಕೊಳ್ಳುವುದು, ದಾಂಡಿನ ಹಿಡಿತವನ್ನು ಸಡಿಲಿಸಿ ಚೆಂಡನ್ನು ಕಾಲಬುಡದಲ್ಲಿಯೇ ಕೊಲ್ಲುವುದು, ಬಿಡಬೇಕಾದ್ದನ್ನು ಬಿಡುವುದು, ಇವುಗಳಿಂದಲೇ ಅವರು ಆಟವನ್ನು ಹೂಡಿದರು. ಉಳಿದ ದಾಂಡಿಗರಲ್ಲಿ ಯಾರೂ ಮೂವತ್ತನ್ನು ಮುಟ್ಟಲಿಲ್ಲ. ಎಂಟನೆಯವರಾಗಿ ಅವರು ಔಟಾದಾಗ ಮೊತ್ತ 180. ಭಾರತವು 204ಕ್ಕೆ ಮುಗಿದು 16 ರನ್ನುಗಳಿಂದ ಸೋತಿತು. ಆಗ ನಾನು ಮಳವಳ್ಳಿಯ ಕಡೆಯ ಒಂದು ಶಾಲೆಯಲ್ಲಿ ಹೊಸ ಉಪಾಧ್ಯಾಯ. ಆ ಮಧ್ಯಾಹ್ನ ಉಪಾಧ್ಯಾಯರ ಕೊಠಡಿಯ ರೇಡಿಯೋದ ಸುತ್ತ ಕೂತಿದ್ದವರಲ್ಲಿ ಆಟದ ಗಂಧವೇ ಇಲ್ಲದ ಗಣಿತದ ಮೇಷ್ಟರೊಬ್ಬರು, ನಾಲ್ಕು ರನ್ ಕಡಿಮೆಯಾದುದಕ್ಕೆ ಎರಡು ದಿನ ಮರುಗುತ್ತಿದ್ದರು. ನೂರೆಂಬ ಸಂಖ್ಯೆಯ ಮೋಹವು ಅಂತಹದು.

ಮೊತ್ತವನ್ನೇ ನೋಡುವುದಾದರೆ ಅಗ್ರಪೀಠವು ಪಾಕಿಸ್ತಾನದ ಯೂನಿಸ್ ಖಾನರಿಗೆ ಸಲ್ಲುತ್ತದೆ. 2005ರಲ್ಲಿ ಅವರು ಗಳಿಸಿದ 267 ಈ ಮೈದಾನದ ಅತ್ಯಧಿಕ ವೈಯಕ್ತಿಕ ಟೆಸ್ಟ್ ಮೊತ್ತ. ಮೊದಲ ಪಂದ್ಯದ ಸೋಲಿನ ಅಂತರವೂ 267 ಆಗಿದ್ದುದು ಕೇವಲ ಕಾಕತಾಳೀಯ ನ್ಯಾಯ. ತಮ್ಮ ನೂರನೆಯ ಟೆಸ್ಟನ್ನಾಡುತ್ತಿದ್ದ ಇನ್ಜಮಾಮರು 184 ಗಳಿಸಿ, ಅವರಿಬ್ಬರೂ ಕೂಡಿ ಮೂರನೆಯ ವಿಕೆಟ್ಟಿಗೆ 324 ರನ್ ಸೇರಿಸಿದರು. ಭಾರತದ ಪರವಾಗಿ ಸೆಹವಾಗರು 201 ಹೊಡೆದರೂ 168 ರನ್ನುಗಳ ಸೋಲು ತಪ್ಪಲಿಲ್ಲ. 2007ರ ಡಿಸೆಂಬರಿನಲ್ಲಿ ಅದೇ ಪಾಕಿಸ್ತಾನದ ಎದುರು ಭಾರತವು 61ಕ್ಕೆ 4 ವಿಕೆಟ್ ಕಳೆದುಕೊಂಡಿದ್ದಾಗ ಸೌರವ್ ಗಂಗೂಲಿಯವರೂ ಯುವರಾಜ್ ಸಿಂಗರೂ ಜೊತೆಗೂಡಿ 300 ಸೇರಿಸಿದರು. ಗಂಗೂಲಿಯವರದು 239, ಯುವರಾಜರದು 169, ತಂಡದ ಮೊತ್ತ 626. ಗಂಗೂಲಿಯವರ ಟೆಸ್ಟ್ ಜೀವನದಲ್ಲಿ ದ್ವಿಶತಕ ಅದೊಂದೇ. 2010ರಲ್ಲಿ ತೆಂಡೂಲ್ಕರರು ಆಸ್ಟ್ರೇಲಿಯದ ಎದುರು 214 ಗಳಿಸಿದರು, ಪಂದ್ಯವನ್ನೂ ಗೆದ್ದರು. 2018ರಲ್ಲಿ ಆಫ್ಘಾನಿಸ್ತಾನದವರ ಮೊತ್ತಮೊದಲ ಟೆಸ್ಟಿನಲ್ಲಿ ಶಿಖರ್ ಧವನರು ಮೊದಲ ದಿನದ ಊಟಕ್ಕೆ ಮುಂಚೆಯೇ ಶತಕವನ್ನು ಪೂರೈಸಿದರು. ಭಾರತೀಯರಲ್ಲಿ ಅದಕ್ಕೆ ಮೊದಲು ಯಾರೂ ಹಾಗೆ ಮಾಡಿರಲಿಲ್ಲ.

ಚಿಕ್ಕ ಆಟಗಳ ಮಾತು ಬೇರೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿದ್ದು, ಗಾಳಿ ತೆಳು, ಮೇರೆಗಳು ಹತ್ತಿರ. ಎತ್ತಿ ಹೊಡೆದ ಚೆಂಡಿಗೆ ಅಡ್ಡಿ ಕಡಿಮೆ. 2011ರ ವಿಶ್ವಕಪ್ಪಿನಲ್ಲಿ ಭಾರತವೂ ಇಂಗ್ಲೆಂಡೂ ತಲಾ 338 ಗಳಿಸಿ ಸಮನಾದವು; ತೆಂಡೂಲ್ಕರರದು 120, ಸ್ಟ್ರಾಸನದು 158. ಮೂರು ದಿನಗಳ ಮೇಲೆ ಐರ್ಲೆಂಡಿನ ಕೆವಿನ್ ಓಬ್ರಿಯನ್ನನು 50 ಎಸೆತಗಳಲ್ಲಿ ಶತಕ ಹೊಡೆದು ಅದೇ ಇಂಗ್ಲೆಂಡನ್ನು ಸೋಲಿಸಿದನು. 2013ರ ನವೆಂಬರ್ 2ರಂದು ರೋಹಿತ್ ಶರ್ಮರು ಆಸ್ಟ್ರೇಲಿಯದ ಎದುರು 16 ಸಿಕ್ಸರುಗಳೊಡನೆ 209 ಗಳಿಸಿದರು. ಇಪ್ಪತ್ತು ಓವರುಗಳ ಲೀಗ್ ಆಟದಲ್ಲಂತೂ 2008ರ ಮೊದಲ ದಿನವೇ ಮೆಕಲಮನು 158, 2013ರಲ್ಲಿ ಕ್ರಿಸ್ ಗೇಲನು 66 ಎಸೆತಗಳಲ್ಲಿ 175. ನೋಡುವುದಕ್ಕೆ ಸೊಗಸೇ, ಆದರೆ ತೂಗುವಾಗ ಇವನ್ನು 1987ರ ತಕ್ಕಡಿಯಲ್ಲಿಡಬಾರದು. ಆ ಲೀಗಿನ ಪ್ರಶಸ್ತಿಯನ್ನು ಬೆಂಗಳೂರಿನ ತಂಡವು ಗೆದ್ದ ಮರುದಿನ, 2025ರ ಜೂನ್ 4ರಂದು, ಸಂಭ್ರಮಕ್ಕೆಂದು ಬಂದ ಜನರಲ್ಲಿ 11 ಮಂದಿ ಈ ಮೈದಾನದ ಬಾಗಿಲುಗಳ ಹೊರಗೆ ನೂಕುನುಗ್ಗಲಿನಲ್ಲಿ ಪ್ರಾಣಬಿಟ್ಟರು. ಆಟಗಾರರ ಪಟ್ಟಿಯಲ್ಲಿ ಆ ಸಂಖ್ಯೆಗೆ ಅಂಕಣವಿಲ್ಲ. ಮೈದಾನದ ಇತಿಹಾಸವನ್ನು ಬರೆಯುವವನು ಅದನ್ನು ಬಿಡತಕ್ಕದ್ದಲ್ಲ.

ಇನ್ನು 2024ರ ಅಕ್ಟೋಬರ್. ಮಳೆಯ ಮೋಡ ಮುಸುಕಿದ ದಿನ ನ್ಯೂಜಿಲೆಂಡಿನವರ ಎದುರು ಭಾರತವು 46ಕ್ಕೆ ಮುಗಿಯಿತು. ಸ್ವದೇಶದಲ್ಲಿ ಭಾರತವು ಅದುವರೆಗೆ ಮಾಡಿದ ಟೆಸ್ಟ್ ಮೊತ್ತಗಳಲ್ಲೆಲ್ಲ ಅತಿ ಕನಿಷ್ಠ. ಐದು ಮಂದಿ ಸೊನ್ನೆಗೆ ಔಟಾದರು. ಎರಡನೆಯ ಸಲ ಇದೇ ತಂಡವು 462 ಮಾಡಿತು. ಸರ್ಫರಾಜ್ ಖಾನರದು 150, ರಿಷಭ್ ಪಂತರದು 99. ಅದು ಸಾಲದೆ ಹೋಯಿತು. ನ್ಯೂಜಿಲೆಂಡಿನವರು 8 ವಿಕೆಟ್ಟುಗಳಿಂದ ಗೆದ್ದರು. ಭಾರತದ ನೆಲದಲ್ಲಿ ಟೆಸ್ಟ್ ಗೆಲ್ಲಲು ಅವರು 36 ವರ್ಷ ಕಾದಿದ್ದರು. ಅವರ ಪರವಾಗಿ 134 ರನ್ ಹೊಡೆದವನು ರಚಿನ್ ರವೀಂದ್ರ. ವೆಲಿಂಗ್ಟನ್ನಿನಲ್ಲಿ ಹುಟ್ಟಿದವನು, ತಂದೆತಾಯಿಗಳು ಬೆಂಗಳೂರಿನವರು.