ಮಹಾರಾಜರ ರನ್‌ವೇ, ನಮ್ಮೋರ ಕಂದಾಯ

ಆಫೀಸಿನಲ್ಲಿ ಯಾರಾದ್ರೂ "ನಿಮ್ಮೂರಿಗೆ ಹತ್ರದ ಏರ್‌ಪೋರ್ಟ್ ಯಾವ್ದು?" ಅಂತ ಕೇಳಿದರೆ "ಕೊಲ್ಲಾಪುರ" ಅಂತೀನಿ. "ಅದು ಮಹಾರಾಷ್ಟ್ರ ಅಲ್ವಾ? ನೀನು ಬೆಳಗಾವಿ ಜಿಲ್ಲೆಯವನಲ್ವಾ?" ಎರಡೂ ಹೌದು. ನಮ್ಮೂರು ಏಕಸಂಬಿ, ಚಿಕ್ಕೋಡಿ ತಾಲೂಕು. ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕಿಂತ ಕೊಲ್ಲಾಪುರದ ಉಜಳಾಯಿವಾಡಿಯೇ ನಮಗೆ ಹತ್ತಿರ.

ಅವ್ವನನ್ನ ಮೊದಲ ಸಲ ವಿಮಾನದಲ್ಲಿ ಬೆಂಗಳೂರಿಗೆ ಕರಕೊಂಡು ಹೊರಟಾಗ, ಅವಳ ತವರಿನ ಮುತ್ಯಾ ಒಂದು ಮಾತು ಅಂದಿದ್ದ. "ತಮ್ಮಾ, ಅದು ನಮ್ಮ ಮಹಾರಾಜರು ಕಟ್ಟಿಸಿದ್ದು. ನಮ್ಮಪ್ಪ ಅವರಿಗೇ ಕಂದಾಯ ತುಂಬತಿದ್ದ." ಮುತ್ಯಾನದು ರಾಯಬಾಗ ಕಡೆಯ ಹಳ್ಳಿ. ವಯಸ್ಸಾಗಿದೆ, ಏನೋ ಅಂತಾನೆ ಅಂದುಕೊಂಡು ನಕ್ಕಿದ್ದೆ. ಆಮೇಲೆ ಓದಿ ನೋಡಿದರೆ ಮುತ್ಯಾ ಹೇಳಿದ್ದೇ ಸರಿ.

1932ರಲ್ಲಿ ಟಾಟಾ ಕಂಪನಿಯ ಟಪಾಲು ವಿಮಾನ ಕರಾಚಿಯಿಂದ ಮುಂಬೈಗೆ, ಅಲ್ಲಿಂದ ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ಹಾರಿತು. ದೇಶದ ವಿಮಾನಯಾನಕ್ಕೆ ಅದೇ ಬುನಾದಿ. ಅದಾಗಿ ಏಳು ವರ್ಷದೊಳಗೆ ಕೊಲ್ಲಾಪುರದಂಥ ಸಂಸ್ಥಾನಕ್ಕೂ ವಿಮಾನ ಬಂತು. ಶಾಹು ಮಹಾರಾಜರ ಮಗ ರಾಜಾರಾಮ ಮಹಾರಾಜರ ಆಳ್ವಿಕೆಯಲ್ಲಿ, 1939ರ ಜನವರಿ 5ರಂದು ಅಲ್ಲಿನ ವಿಮಾನ ಸೇವೆಗೆ ಚಾಲನೆ ಸಿಕ್ಕಿತು. ಸಾಂಬ್ರಾದ್ದು ಬೇರೆ ಕಥೆ. ಅದು 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬ್ರಿಟಿಷ್ ವಾಯುಪಡೆ ತರಬೇತಿಗೆ ಅಂತ ಮಾಡಿಕೊಂಡ ನೆಲ. ಒಂದು ಯುದ್ಧಕ್ಕಾಗಿ ಆದದ್ದು, ಇನ್ನೊಂದು ಒಂದು ಊರು ತನಗೆ ಬೇಕು ಅಂತ ಮಾಡಿಕೊಂಡದ್ದು.

ಈಗ ನಕ್ಷೆ ನೋಡಿ. ಆಗ ನಮ್ಮ ಚಿಕ್ಕೋಡಿ ತಾಲೂಕು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿತ್ತು. ಪಕ್ಕದ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಅಂದರೆ ಕನ್ನಡ ಮಾತಾಡೋ ರಾಯಬಾಗದ ರೈತರ ಕಂದಾಯ ಹೋಗ್ತಿದ್ದದ್ದು ಮಹಾರಾಜರ ಖಜಾನೆಗೆ. ರನ್‌ವೇಗೆ ದುಡ್ಡು ಬಂದದ್ದೂ ಅಂಥ ಖಜಾನೆಯಿಂದಲೇ. 1949ರಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರಲ್ಲಿ ರಾಯಬಾಗ, ಚಿಕ್ಕೋಡಿ ಎರಡೂ ಮೈಸೂರು ರಾಜ್ಯಕ್ಕೆ ಬಂದವು. 1960ರಲ್ಲಿ ಕೊಲ್ಲಾಪುರ ಮಹಾರಾಷ್ಟ್ರದ ಜಿಲ್ಲೆಯಾಯಿತು. ಇಪ್ಪತ್ತು ವರ್ಷದಲ್ಲಿ ಗೆರೆ ಎಷ್ಟು ಸಲ ಸರಿಯಿತು! ರನ್‌ವೇ ಮಾತ್ರ ಇದ್ದಲ್ಲೇ ಇತ್ತು.

ಇತ್ತು ನಿಜ, ಆದರೆ ಯಾವಾಗಲೂ ವಿಮಾನ ಇರಲಿಲ್ಲ. ಸಣ್ಣ ಊರಿನ ನಿಲ್ದಾಣದ ಹಣೆಬರಹವೇ ಅಷ್ಟು. ಕಂಪನಿ ಬರ್ತಾವೆ, ಸೀಟು ತುಂಬದಿದ್ದರೆ ಹೋಗ್ತಾವೆ. 2018ರಲ್ಲಿ ಉಡಾನ್ ಯೋಜನೆಯಡಿ ಸೇವೆ ಮತ್ತೆ ಶುರುವಾಯಿತು. ಖಾಲಿ ಬಿದ್ದಿದ್ದ ಕಾಲದಲ್ಲಿ "ಇದ್ಯಾಕೆ ದಂಡಕ್ಕೆ?" ಅಂತ ಆ ನೆಲವನ್ನ ಸೈಟು ಮಾಡಿ ಮಾರಿದ್ದರೆ ಅವತ್ತು ಇಳಿಯೋಕೆ ಜಾಗವೇ ಇರ್ತಿರಲಿಲ್ಲ. ಲಾಭ ನಷ್ಟವನ್ನ ವರ್ಷದ ಲೆಕ್ಕದಲ್ಲಿ ನೋಡೋ ನಮ್ಮಂಥವರು ಇದನ್ನ ನೆನಪಿಟ್ಟುಕೋಬೇಕು.

ಗಡಿ ಗದ್ದಲ ಎದ್ದಾಗೆಲ್ಲ ನಮ್ಮ ಕಡೆ ಮೊದಲು ನಿಲ್ಲೋದು ಬಸ್ಸು. ಆಸ್ಪತ್ರೆಗೆ, ಸಂತೆಗೆ ಹೊರಟವರು ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ತಾರೆ. "ಅವರದು, ನಮ್ಮದು" ಅನ್ನೋ ಕೂಗು ಕೇಳಿದಾಗ ನನಗೆ ಮುತ್ಯಾನ ಅಪ್ಪ ನೆನಪಾಗ್ತಾನೆ. ವಿಮಾನವನ್ನ ಹತ್ತಿರದಿಂದ ನೋಡಿದ್ದನೋ ಇಲ್ಲವೋ, ಕಂದಾಯ ಮಾತ್ರ ತಪ್ಪಿಸಿರಲಿಲ್ಲ.

ಮುತ್ಯಾ ಈಗಿಲ್ಲ. "ಅದು ಅವರ ಏರ್‌ಪೋರ್ಟ್ ಅಲ್ವಾ?" ಅಂತ ಯಾರಾದ್ರೂ ಕೇಳಿದರೆ ನಾನು ಅವನ ಪರವಾಗಿ ಒಂದೇ ಮಾತು ಹೇಳ್ತೀನಿ: "ಹೌದ್ರೀ. ಸ್ವಲ್ಪ ನಮ್ಮದೂ ಐತಿ."